ಜೇಬಿಲ್ಲದವರ ಅಳತೆ

ರೂವಿಯ ಗಡಿಯಾರ ಗೋಪುರದ ಹಿಂದಿನ ಗಲ್ಲಿಯಲ್ಲಿ
ನವೆಂಬರ್ ಬಂತೆಂದರೆ ನನ್ನ ಅಂಗಡಿಗೆ
ಲೋಕ ಉಳಿಸುವವರ ಸಾಲು.
ಶಾಲೆಯ ಛದ್ಮವೇಷ. ಮೇಜಿನ ಮೇಲೆ ಕಾಮಿಕ್ ಪುಸ್ತಕ ಬಿಡಿಸಿಟ್ಟು
"ಹೀಗೇ ಬೇಕು ಅಂಕಲ್, ಒಂದು ಗೆರೆಯೂ ತಪ್ಪಬಾರದು."
ಹೀಗೇ ಎಂದರೆ?
ಎದೆ ಐವತ್ತೆಂಟು, ಸೊಂಟ ಇಪ್ಪತ್ತೆಂಟು.
ನಾಲ್ಕು ತಲೆಮಾರು ಮಗ್ಗದ ಗುಂಡಿಯಲ್ಲಿ ಕೂತ
ನಮ್ಮ ಶೆಟ್ಟಿಗಾರರಲ್ಲಿ
ಇಂಥ ಮೈಗೆ ಯಾರೂ ನೂಲು ಹಾಕಿದವರಲ್ಲ.

ಎಲ್ಡ್ರಿನ್‌ಗೆ ಎಂಟು ವರ್ಷ. ಅವನದು ಕ್ಯಾಪ್ಟನ್ ಉಲ್ಕೆ.
ಶಝ್ಮಾಗೆ ಒಂಬತ್ತು. ಅವಳು ಕತ್ತಲ ಮುಂಗುಸಿ.
ಟೇಪು ಇನ್ನೂ ನನ್ನ ಕೊರಳಲ್ಲಿರುವಾಗಲೇ ಶುರು:
"ಉಲ್ಕೆ ಚಂದ್ರನನ್ನೇ ಎಳೆದು ತಂದಿದ್ದಾನೆ, ಗೊತ್ತುಂಟಾ?"
"ತಂದು? ಎಲ್ಲಿ ಇಟ್ಟ?"
"ವಾಪಸ್ ಇಟ್ಟ."
"ಮತ್ತೆ ತಂದದ್ದು ಯಾಕೆ?"

ಮುಂಗುಸಿಗೆ ಶಕ್ತಿಯೇ ಇಲ್ಲ, ಎನ್ನುತ್ತಾನೆ ಇವನು,
ಬರೀ ಹಗ್ಗ, ಬರೀ ಸಿಟ್ಟು, ಪೊಲೀಸರಿಗೆ ಸುಳ್ಳು ಬೇರೆ ಹೇಳುತ್ತದೆ.
ಅದಕ್ಕೆ ಹೆದರಿಕೆ ಉಂಟು, ಎನ್ನುತ್ತಾಳೆ ಅವಳು,
ಹೆದರುತ್ತಲೇ ಬಾವಿಗೆ ಇಳಿಯುತ್ತದೆ.
ನಿನ್ನವನಿಗೆ ಪೆಟ್ಟೇ ಆಗುವುದಿಲ್ಲವಲ್ಲ,
ಅವನದು ಯಾವ ಸೀಮೆಯ ಧೈರ್ಯ?
ನನ್ನ ಬಾಯಲ್ಲಿದ್ದ ಗುಂಡುಸೂಜಿ ತನ್ನ ಬಾಯಿಗೆ ಬಂದವನ ಹಾಗೆ
ಎಲ್ಡ್ರಿನ್ ಸುಮ್ಮನಾದ.

ಆಮೇಲೆ ತೆಗೆದ ಕೊನೆಯ ಅಸ್ತ್ರ: ಬೆಲ್ಟು.
ಉಲ್ಕೆಯ ಬೆಲ್ಟು ಯೋಗ್ಯನ ಸೊಂಟಕ್ಕೆ ಮಾತ್ರ ಕೂರುವುದಂತೆ.
ರಾಜರು ಬಂದರಂತೆ, ದೈತ್ಯರು ಬಂದರಂತೆ,
ಬೆರಳಗಲ ಸಾಲದೆ ಹೋದರಂತೆ.
"ಹಾಗೇ ಹೊಲಿಯಬೇಕು ಅಂಕಲ್."
ಎಲಾಸ್ಟಿಕ್ ಹಾಕುತ್ತೇನೆ ಮಾರಾಯ,
ಎಲ್ಲರೂ ಯೋಗ್ಯರಾಗಲಿ, ಎಂದೆ.
ಅವನಿಗೆ ನಗು ಬರಲಿಲ್ಲ.

ನನಗೆ ಗೊತ್ತಿರುವ ಬಲಾಬಲ ಬೇರೆ.
ಉಲ್ಕೆ ಪ್ರತಿ ವರ್ಷ ಎಡಬಗಲಲ್ಲಿ ಹರಿಯುತ್ತಾನೆ,
ಕೈ ಮೇಲೆತ್ತಿ ಹಾರುವ ಚಟ.
ಭೂಕಂಪಣ್ಣ ಕೂತರೆ ಹಿಂದೆ ಬಿರಿಯುತ್ತಾನೆ.
ಮಿಂಚುಳ್ಳಿಯ ರೆಕ್ಕೆಗೆ ನಾಲ್ಕು ಮೀಟರ್ ಸ್ಯಾಟಿನ್,
ಅವಳನ್ನು ಮೇಣದಬತ್ತಿಯ ಹತ್ತಿರ ಬಿಡಬೇಡಿ.
ಮುಂಗುಸಿ ಸವೆಯುವುದು ಮೊಣಕಾಲಲ್ಲಿ.
ಮೊಣಕಾಲಲ್ಲಿ ಸವೆಯುವವರ ಕಡೆಗೆ ನನಗೆ ಸ್ವಲ್ಪ ಪಕ್ಷಪಾತ.
ಬಿಲ್ಲಿನಲ್ಲಿ ತೋರಿಸುವುದಿಲ್ಲ.

ಮತ್ತೆ ಒಬ್ಬರಿಗೂ ಜೇಬಿಲ್ಲ!
ಬತಾಕ ಎಲ್ಲಿಡುತ್ತಾರೆ ಇವರು? ಮನೆಯ ಕೀಲಿ?
ಗಡಿ ದಾಟಿ ಹಾರುವವನನ್ನು
ಯಾವ ಕೌಂಟರಿನಲ್ಲೂ ಬದಿಗೆ ನಿಲ್ಲಿಸುವುದಿಲ್ಲವೇ?
ಪಕ್ಕದ ಮೊಳೆಯಲ್ಲಿ ತೂಗುವ ನೀಲಿ ಕವರಾಲಿಗೆ ಏಳು ಜೇಬು.
"ಹಾಗಾದರೆ ಅದನ್ನು ಹಾಕುವವನೇ ನಿಜವಾದ ಹೀರೋ ಅಂತೀರಾ?"
ಶಝ್ಮಾ, ಪಾಠ ಒಪ್ಪಿಸುವ ದನಿಯಲ್ಲಿ.
ಛೆ, ಇಲ್ಲ. ಇನ್ನೂರು ಬೈಸಕ್ಕೆ
ಅರ್ಧ ಗಂಟೆ ಚೌಕಾಸಿ ಮಾಡಿದ ಆಸಾಮಿ ಅವನು.

ಎಲ್ಡ್ರಿನ್ ಪರದೆಯ ಹಿಂದೆ ಹೋದಾಗ ಅವಳೇ ಹತ್ತಿರ ಬಂದಳು.
ಅಂಕಲ್, ಅವನ ಡ್ರೆಸ್ಸಿಗೆ ಒಂದು ಜೇಬು ಇಡಿ,
ಒಳಗಡೆ, ಕಾಣದ ಹಾಗೆ.
ಧೂಳುಗಾಳಿ ಎದ್ದರೆ ಅವನಿಗೆ ಪಂಪು ಬೇಕು.
ಕೇಳಿದರೆ ಬೇಡ ಅನ್ನುತ್ತಾನೆ.
ಉಲ್ಕೆಗೆ ಉಬ್ಬಸ ಇಲ್ಲವಲ್ಲ.

ಇಟ್ಟೆ. ಎಡಗಡೆ, ಬಗಲ ಕೆಳಗೆ.
ಹರಿಯುವ ಜಾಗವಲ್ಲವೇ, ಎರಡೆರಡು ಹೊಲಿಗೆ.

ರಾತ್ರಿ ಶಟರು ಅರ್ಧ ಎಳೆದು ಚಹಾ ಕುಡಿಯುವಾಗ
ಕಣ್ಣಿಗೆ ಬಿತ್ತು, ಇಪ್ಪತ್ತೆರಡನ್ನು ಮೂವತ್ತೆರಡು ಎಂದು ಓದಿ
ನಾನೇ ಕತ್ತರಿಸಿ ಹಾಳುಮಾಡಿದ ಬೆಲ್ಟು.
ಚಿನ್ನದ ಬಣ್ಣ. ಎಲಾಸ್ಟಿಕ್ ಹಾಕಿರಲಿಲ್ಲ.
ಗಲ್ಲಿಯಲ್ಲಿ ಯಾರೂ ಇಲ್ಲ; ಬೋಳು ಗುಡ್ಡದ ತಲೆಯಲ್ಲಿ ಒಂದು ದೀಪ.
ಸುತ್ತಿಕೊಂಡೆ. ನಾಲ್ಕು ಬೆರಳು ಸಾಲಲಿಲ್ಲ.
ಉಸಿರೆಳೆದು ಹೊಟ್ಟೆ ಒಳಗೆ ಮಾಡಿದೆ:
ಕೂತಿತು ಕೊಂಡಿ, ಟಕ್ ಎಂದು.
ಕನ್ನಡಿಯಲ್ಲಿ ನಿಂತೆ, ಯೋಗ್ಯನಾಗಿ,
ಉಸಿರು ಬಿಡುವವರೆಗೆ.